ದಾದಿಯ ಕೈಯಿಂದ ಜಾರಿದ ಕೂಸು

(ಆಧಾರ: 2 ಸಮುವೇಲ 4:4 ಮತ್ತು 9ನೆಯ ಅಧ್ಯಾಯ)



ಮೇಲೆ ಗುರುತಿಸಿರುವ ಭಾಗವನ್ನು ನಿಮ್ಮ ನಿಮ್ಮ ಸತ್ಯವೇದಗಳಲ್ಲಿ ತೆರೆದು ಓದಿಕೊಂಡ ಬಳಿಕ ಈ ಪ್ರಸಂಗಕ್ಕೆ ಬರಬೇಕೆಂದು ಕೇಳಿಕೊಳ್ಳುತ್ತೇವೆ. ಅಕ್ಷರ ಬಾರದ ಹಿರಿಯರು ಮನೆಯಲ್ಲಿದ್ದರೆ ಮಕ್ಕಳಲ್ಲಿ ಯಾರಾದರೂ ಅವರಿಗೆ ಕೇಳಿಸುವಂತೆ ಓದಲಿ. ಭಾಗವು ದೀರ್ಘವಾದದ್ದಲ್ಲ, ನಾಲ್ಕನೆಯ ಅಧ್ಯಾಯದಲ್ಲಿ ಒಂದೇ ಒಂದು ವಚನ, ಒಂಭತ್ತನೆಯದರಲ್ಲಿ ಹದಿಮೂರು.

ಅರಸನಾದ ಸೌಲನೂ ಅವನ ಮಗನಾದ ಯೋನಾತಾನನೂ ಗಿಲ್ಬೋವ ಬೆಟ್ಟದಲ್ಲಿ ಫಿಲಿಷ್ಟಿಯರ ಎದುರಿನಲ್ಲಿ ಮಡಿದರೆಂಬದನ್ನು ಆದಿತ್ಯವಾರ ಶಾಲೆಯ ಚಿಕ್ಕ ಮಕ್ಕಳೂ ಹೇಳಬಲ್ಲರು. ಆ ಯುದ್ಧದಲ್ಲಿ ಯಾರು ಬಿದ್ದರು, ಯಾರು ಓಡಿದರು, ಶವಗಳಿಗೆ ಏನಾಯಿತು, ಮುಂದೆ ಸಿಂಹಾಸನವು ಯಾರಿಗೆ ಸೇರಿತು ಎಂಬದೆಲ್ಲವೂ ಅಧ್ಯಾಯ ಅಧ್ಯಾಯಗಳಾಗಿ ಬರೆಯಲ್ಪಟ್ಟಿದೆ. ಆದರೆ ಅದೇ ಯುದ್ಧದ ನಿಮಿತ್ತ, ಕತ್ತಿಯನ್ನು ಹಿಡಿಯದ ಇಬ್ಬರಿಗೆ ಉಂಟಾದ ಕೇಡನ್ನು ಪವಿತ್ರಾತ್ಮನು ಒಂದು ವಚನದಲ್ಲಿ ಬರೆಯಿಸಿಟ್ಟಿದ್ದಾನೆ. ಈಷ್ಬೋಶೆತನ ಕೊಲೆಯ ವೃತ್ತಾಂತವು ನಡೆಯುತ್ತಿರುವಾಗ ನಡುವೆ ಅದು ಥಟ್ಟನೆ ಬರುತ್ತದೆ; ಕಥೆಯ ಓಟದಲ್ಲಿ ಅದನ್ನು ದಾಟಿಹೋಗುವದು ಸುಲಭ. ಯೋನಾತಾನನಿಗೆ ಐದು ವರುಷದ ಒಬ್ಬ ಮಗನಿದ್ದನು. ಇಜ್ರೇಲಿನಿಂದ ಸೋಲಿನ ಸುದ್ದಿ ಬಂದಾಗ ಅವನ ದಾದಿಯು ಅವನನ್ನು ಎತ್ತಿಕೊಂಡು ಓಡಿದಳು. ಓಟದ ಅವಸರದಲ್ಲಿ ಕೂಸು ಬಿದ್ದು ಕುಂಟಾಯಿತು. ಅವನ ಹೆಸರು ಮೆಫೀಬೋಶೆತನು. ದಾದಿಯ ಹೆಸರು ಬರೆದಿಲ್ಲ.

ಸಹೋದರರೇ, ಶತ್ರುವಿನ ಕೈ ಆ ಮಗುವಿನ ಮೇಲೆ ಬೀಳಲಿಲ್ಲವೆಂಬದನ್ನು ಗಮನಿಸಿರಿ. ಯಾವ ಫಿಲಿಷ್ಟಿಯನೂ ಆ ಮನೆಯ ಬಾಗಿಲನ್ನು ಒಡೆಯಲಿಲ್ಲ. ಬಾಣವು ಅಂಗಳಕ್ಕೆ ಬರಲಿಲ್ಲ. ಬಂದದ್ದು ಒಂದು ಸುದ್ದಿ ಮಾತ್ರ. ಆ ಸುದ್ದಿಯು ದಾದಿಯ ಎದೆಯೊಳಗೆ ಹೊಕ್ಕಿತು. ಅಲ್ಲಿಂದ ಅವಳ ಕಾಲುಗಳಿಗೂ ಕೈಗಳಿಗೂ ಇಳಿಯಿತು. ಪ್ರೀತಿಯಿಂದ ಎತ್ತಿದ ಕೈಯೇ ನಡುಗಿ ಜಾರಿತು. ಯುದ್ಧವು ಮನೆಗಳನ್ನು ಸೇರುವ ದಾರಿ ಬಹುಮಟ್ಟಿಗೆ ಇದೇ. ಸೈನ್ಯವು ತಲಪದ ಊರಿಗೂ ಭೀತಿಯು ತಲಪುತ್ತದೆ. ಅದು ಮೊದಲು ದೊಡ್ಡವರನ್ನು ಹಿಡಿದು, ಅವರ ಮುಖಾಂತರವಾಗಿ ಮಕ್ಕಳನ್ನು ಕೆಡವುತ್ತದೆ.

ಬಳಿಕ ಅನೇಕ ವರುಷಗಳು ಕಳೆದವು. ದಾವೀದನು ಅರಸನಾದನು. ಮೆಫೀಬೋಶೆತನು ಪ್ರಾಯಕ್ಕೆ ಬಂದು ಒಬ್ಬ ಚಿಕ್ಕ ಮಗನ ತಂದೆಯೂ ಆಗಿದ್ದನು. ಆದರೂ ಅವನು ಇದ್ದದ್ದೆಲ್ಲಿ? ಲೋದೆಬಾರಿನಲ್ಲಿ, ಮತ್ತೊಬ್ಬನ ಮನೆಯಲ್ಲಿ. ಆ ಊರಿನ ಹೆಸರಿಗೆ ಮೇವಿಲ್ಲದ ಸ್ಥಳವೆಂದು ಕೆಲವು ಪಂಡಿತರು ಅರ್ಥ ಹೇಳುತ್ತಾರೆ. ಅಜ್ಜನ ಹೊಲಗದ್ದೆಗಳನ್ನು ಬಿಟ್ಟು ಅವನು ಅಲ್ಲಿ ಅಡಗಿದಂತೆ ಬದುಕುತ್ತಿದ್ದನು. ಅರಸನು ಕರೇಕಳುಹಿಸಿದಾಗ ಬಂದು ನೆಲಕ್ಕೆ ಮುಖವಿಟ್ಟು ಬಿದ್ದನು. ದಾವೀದನು ಆಡಿದ ಮೊದಲನೆಯ ಮಾತುಗಳಲ್ಲಿ ಒಂದು ಭಯಪಡಬೇಡವೆಂಬದು. ಅಂದರೆ ಅವನು ಭಯಪಡುತ್ತಿದ್ದದ್ದು ಕಣ್ಣಿಗೆ ಕಾಣುತ್ತಿತ್ತು. ಹೊಲಗಳನ್ನು ಹಿಂದಕ್ಕೆ ಕೊಡುವೆನು, ನನ್ನ ಮೇಜಿನಲ್ಲಿ ಊಟಮಾಡುವಿ ಎಂದು ಅರಸನು ಹೇಳಿದರೆ ಅವನು ತನ್ನನ್ನು ಸತ್ತ ನಾಯಿಗೆ ಹೋಲಿಸಿಕೊಂಡನು.

ಇದನ್ನು ಪೂರ್ವದೇಶದ ಮರ್ಯಾದೆಯ ಮಾತೆಂದು ಹೇಳುವವರಿದ್ದಾರೆ. ಇರಬಹುದು. ಆದರೆ ನಮಗೆ ಹಾಗೆ ತೋರುವದಿಲ್ಲ. ಕಾಲು ಮುರಿದದ್ದು ಬಿದ್ದದ್ದರಿಂದ. ಈ ಮಾತು ಎಲ್ಲಿಂದ ಹುಟ್ಟಿತು? ಐದು ವರುಷದ ಕೂಸು ಒಂದೇ ದಿನದಲ್ಲಿ ತಂದೆಯನ್ನೂ ಅಜ್ಜನನ್ನೂ ಮನೆಯನ್ನೂ ಕಾಲುಗಳನ್ನೂ ಕಳಕೊಂಡಿತು. ಕಾಲು ಕುಂಟೆಂದು ಊರೆಲ್ಲರೂ ಕಂಡರು. ಒಳಗೆ ಕುಂಟಾದದ್ದನ್ನು ಯಾರೂ ಕಾಣಲಿಲ್ಲ. ಅದು ಬಹುಕಾಲದ ಮೇಲೆ, ಒಂದು ಮಾತಿನ ಮೂಲಕ ಹೊರಗೆ ಬಿತ್ತು.

ಈ ವೃತ್ತಾಂತವು ಸುಮಾರು ಮೂರು ಸಾವಿರ ವರುಷಗಳ ಹಿಂದಿನದು. ಯುದ್ಧಕ್ಕೆ ಹೋಗದವರ ಮನಸ್ಸಿಗೆ ಯುದ್ಧವು ಏನು ಮಾಡುವದೆಂದು ಅಕ್ಕರೆಯಿಂದ ನೋಡಿ ದಿನದಿನವೂ ಬರೆದಿಟ್ಟ ಒಂದು ದೃಷ್ಟಾಂತವು ನಮಗೆ ಹತ್ತಿರದ ಕಾಲದಲ್ಲಿಯೇ ಉಂಟು. ಅದು 1939ರಿಂದ 1945ರ ವರೆಗೆ ನಡೆದ ಎರಡನೆಯ ಮಹಾಯುದ್ಧದಲ್ಲಿ, ಇಂಗ್ಲೆಂಡಿನ ಲಂಡನ್ ಪಟ್ಟಣದ ಸಂಗತಿ.

ಯುದ್ಧವು ಪ್ರಾರಂಭವಾಗುವದಕ್ಕೆ ಮುಂಚೆಯೇ, 1938ರಲ್ಲಿ, ಲಂಡನಿನ ಹೆಸರಾದ ಮನೋವೈದ್ಯರ ಒಂದು ಗುಂಪು ಸರಕಾರಕ್ಕೆ ಎಚ್ಚರಿಕೆ ಕೊಟ್ಟಿತ್ತು. ವಿಮಾನಗಳು ಪಟ್ಟಣಗಳ ಮೇಲೆ ಬಾಂಬು ಹಾಕಿದರೆ, ದೇಹಕ್ಕೆ ಗಾಯವಾಗುವ ಒಬ್ಬನಿಗೆ ಮೂವರಂತೆ ಜನರು ಬುದ್ಧಿ ಕದಡಿ ಆಸ್ಪತ್ರೆಗೆ ಬರುವರು, ಮೊದಲಿನ ಆರು ತಿಂಗಳುಗಳಲ್ಲಿ ಇಂಥವರ ಲೆಕ್ಕವು ಮೂವತ್ತು ನಾಲ್ವತ್ತು ಲಕ್ಷಕ್ಕೆ ಏರಬಹುದು ಎಂಬದಾಗಿ ಅವರ ಅಂದಾಜು. 1940ನೆಯ ಸೆಪ್ಟೆಂಬರ್ 7ರಂದು ಬಾಂಬಿನ ಮಳೆ ಮೊದಲಾಯಿತು. ಲಂಡನಿನ ಮೇಲೆ 57 ರಾತ್ರಿ ಎಡೆಬಿಡದೆ ಬಿತ್ತು. ಜನರು ನೆಲದಡಿಯ ರೈಲು ನಿಲ್ದಾಣಗಳಲ್ಲಿ ಸಾಲಾಗಿ ಮಲಗಿದರು. 1941ರ ಮೇ ತಿಂಗಳೊಳಗೆ ಆ ದೇಶದಲ್ಲಿ ನಾಲ್ವತ್ತು ಸಾವಿರಕ್ಕೂ ಹೆಚ್ಚು ಮಂದಿ ಸಾಧಾರಣ ಜನರು ಸತ್ತರು. ಆದರೆ ವೈದ್ಯರು ಹೇಳಿದಂತೆ ಲಕ್ಷಾಂತರ ಹುಚ್ಚರು ಆಸ್ಪತ್ರೆಯ ಬಾಗಿಲಿಗೆ ಬರಲಿಲ್ಲ. ಜನರು ಬೆಳಿಗ್ಗೆ ಎದ್ದು ಗಾಜಿನ ಚೂರುಗಳನ್ನು ಗುಡಿಸಿ ಕೆಲಸಕ್ಕೆ ಹೋದರು.

ಇದನ್ನು ಕಂಡು ಅನೇಕರು ಸಂತೋಷಪಟ್ಟು, ನಮ್ಮ ಜನರ ಎದೆ ಕಲ್ಲು, ಅವರಿಗೆ ಏನೂ ತಾಗದು ಎಂದು ಹೊಗಳಿಕೊಂಡರು. ಅವರ ಧೈರ್ಯವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಆಸ್ಪತ್ರೆಗೆ ಬಾರದವನಿಗೆ ನೋವಿಲ್ಲವೆಂದು ಲೆಕ್ಕ ಹಾಕುವದು ಸರಿಯಲ್ಲ. ನಮ್ಮ ಹಳ್ಳಿಗಳಲ್ಲಿ ಹಲ್ಲುನೋವಿಗೆ ಸಹ ನಾವು ಆಸ್ಪತ್ರೆಗೆ ಹೋಗುವದಿಲ್ಲ. ಆದಕಾರಣ ನಮಗೆ ಹಲ್ಲುನೋವಿಲ್ಲವೆಂದು ಯಾರಾದರೂ ಬರೆದರೆ ನಗುವೆವಲ್ಲವೇ?

ಮಕ್ಕಳಿಗೆ ಏನಾಯಿತು? ಯುದ್ಧವು ಸಾರಲ್ಪಡುವದಕ್ಕೆ ಎರಡು ದಿನ ಮುಂಚೆ, 1939ನೆಯ ಸೆಪ್ಟೆಂಬರ್ 1ರಂದು, ಸರಕಾರವು ಪಟ್ಟಣಗಳ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸಲಾರಂಭಿಸಿತು. ಮೂರು ನಾಲ್ಕು ದಿನಗಳಲ್ಲಿ ಮಕ್ಕಳೂ, ಎಳೆಗೂಸುಗಳ ತಾಯಂದಿರೂ, ಅವರ ಸಂಗಡಿಗರೂ ಕೂಡಿ ಸುಮಾರು 15 ಲಕ್ಷ ಮಂದಿ ರೈಲು ಹತ್ತಿದರು. ಶಾಲೆಯ ಮಕ್ಕಳು ಬಹುಮಟ್ಟಿಗೆ ತಂದೆತಾಯಿಗಳಿಲ್ಲದೆ, ಮಾಸ್ತರರ ಸಂಗಡ ಹೋದರು. ಹೆಗಲಿಗೆ ವಿಷವಾಯುವಿನ ಮುಖವಾಡದ ಪೆಟ್ಟಿಗೆ, ಅಂಗಿಗೆ ಹೆಸರಿನ ಚೀಟಿ. ಹಳ್ಳಿಯ ಸಭಾಮಂದಿರಗಳಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ, ಊರವರು ಬಂದು ತಮಗೆ ಬೇಕಾದವರನ್ನು ಆರಿಸಿಕೊಂಡು ಹೋಗುತ್ತಿದ್ದರು. ಅಣ್ಣತಂಗಿಯರು ಬೇರೆ ಬೇರೆ ಮನೆಗಳಿಗೆ ಹೋದದ್ದುಂಟು. ಯಾರಿಗೂ ಬೇಡವಾಗಿ ಸಂಜೆಯ ವರೆಗೆ ನಿಂತ ಮಗುವಿನ ಮನಸ್ಸನ್ನು, ನಮ್ಮಲ್ಲಿ ದನದ ಸಂತೆಯನ್ನು ಕಂಡವರೆಲ್ಲರೂ ಊಹಿಸಬಲ್ಲರು. ಊರವರು ಕೆಟ್ಟವರಾಗಿರಲಿಲ್ಲ, ಅವರಲ್ಲಿ ಎಷ್ಟೋ ಮಂದಿ ಬಂದ ಮಕ್ಕಳನ್ನು ಹೊಟ್ಟೆಯಲ್ಲಿ ಹುಟ್ಟಿದವರಂತೆ ಸಾಕಿದರು. ಸರಕಾರವೂ ಮಕ್ಕಳ ಪ್ರಾಣವನ್ನು ಉಳಿಸಲೆಂದೇ ಹಾಗೆ ಮಾಡಿತು. ದಾದಿಯೂ ಕೂಸನ್ನು ಉಳಿಸಲೆಂದೇ ಓಡಿದಳಲ್ಲವೇ?

ಈ ಸಮಯದಲ್ಲಿ ಲಂಡನಿನ ಹ್ಯಾಂಪ್‌ಸ್ಟೆಡ್ ಎಂಬಲ್ಲಿ ಇಬ್ಬರು ಸ್ತ್ರೀಯರು ಯುದ್ಧದ ಮಕ್ಕಳಿಗೋಸ್ಕರ ಶಿಶುಗೃಹಗಳನ್ನು ನಡಿಸಿದರು. ಒಬ್ಬಳು ಅನ್ನಾ ಫ್ರಾಯ್ಡ್. ಯೆಹೂದ್ಯರ ಮನೆತನದವಳು, 1938ರಲ್ಲಿ ವಿಯೆನ್ನಾ ಪಟ್ಟಣವನ್ನು ಬಿಟ್ಟು ತಪ್ಪಿಸಿಕೊಂಡು ಬಂದವಳು. ಹೀಗೆ ಓಡುವದೆಂದರೇನೆಂದು ತಾನೇ ತಿಳಿದವಳು. ಇನ್ನೊಬ್ಬಳು ಅಮೇರಿಕದವಳಾದ ಡೊರೊಥಿ ಬರ್ಲಿಂಗ್‌ಹ್ಯಾಂ. ಇವರು ನಮ್ಮ ಸಭೆಗಳಿಗೆ ಸೇರಿದವರಲ್ಲ. ದಾರಿಯಲ್ಲಿ ಬಿದ್ದವನ ಗಾಯವನ್ನು ಕಟ್ಟಿದ ಸಮಾರ್ಯದವನ ಸಾಮ್ಯವನ್ನು ಬಲ್ಲ ನಮಗೆ ಅದು ತಡೆಯಾಗಬಾರದು. 1941ರಿಂದ 1945ರ ವರೆಗೆ ಅವರು ಮಕ್ಕಳ ಸಂಗಡ ಇದ್ದು, ಕಂಡದ್ದನ್ನೆಲ್ಲ ಬರೆದಿಟ್ಟರು.

ಅವರು ಕಂಡದ್ದು ಇದು. ಬಾಂಬಿನ ಸದ್ದಿನಲ್ಲಿಯೂ ತಾಯಿಯ ಮಗ್ಗುಲಲ್ಲಿದ್ದು, ತಾಯಿಯು ತಕ್ಕಮಟ್ಟಿಗೆ ಸ್ಥಿರವಾಗಿದ್ದರೆ, ಎಳೆಯ ಮಕ್ಕಳು ಹೆಚ್ಚಾಗಿ ಕೆಡಲಿಲ್ಲ. ಅವರು ಆಕಾಶದ ಕಡೆಗಲ್ಲ, ತಾಯಿಯ ಮುಖದ ಕಡೆಗೆ ನೋಡುತ್ತಿದ್ದರು. ತಾಯಿಯು ನಡುಗಿದರೆ ಅವರೂ ನಡುಗಿದರು. ಆದರೆ ಬಾಂಬು ಬೀಳದ ನೆಮ್ಮದಿಯ ಊರಿನಲ್ಲಿದ್ದರೂ, ತಾಯಿಯಿಂದ ಒಮ್ಮೆಲೇ ಅಗಲಿಸಲ್ಪಟ್ಟ ಮಕ್ಕಳು ಬಹಳವಾಗಿ ಕುಂದಿದರು. ಮಾತು ಕಲಿತವರು ಮಾತು ಬಿಟ್ಟರು. ಹಾಸಿಗೆ ಒದ್ದೆಮಾಡುವದನ್ನು ಬಿಟ್ಟವರು ತಿರುಗಿ ಒದ್ದೆಮಾಡಿದರು. ತಾಯಿ ಕಾಣಲಿಕ್ಕೆ ಬಂದಾಗ ಗುರುತಿಸದವರಂತೆ ಮುಖ ತಿರುವಿಕೊಂಡ ಮಕ್ಕಳಿದ್ದರು. ಹೊಟ್ಟೆಗೂ ಬಟ್ಟೆಗೂ ಕೊರತೆಯಿಲ್ಲದಿದ್ದರೂ ಹೀಗಾಯಿತು. ಆಗ ಆ ಸ್ತ್ರೀಯರು ಮಕ್ಕಳನ್ನು ನಾಲ್ಕೈದು ಮಂದಿಯ ಚಿಕ್ಕ ಚಿಕ್ಕ ಕುಟುಂಬಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಬ್ಬೊಬ್ಬ ದಾದಿಯನ್ನು ತಾಯಿಯ ಸ್ಥಾನದಲ್ಲಿ ನೇಮಿಸಿದರು. ಮೊದಲು ದೊಡ್ಡ ಗದ್ದಲವಾಯಿತು; ತಮ್ಮ ದಾದಿಯನ್ನು ಬೇರೆಯವರು ಮುಟ್ಟಬಾರದೆಂದು ಮಕ್ಕಳು ಕಚ್ಚಾಡಿದರು. ಬಳಿಕ ಅವರಿಗೆ ಮಾತು ಬಂದಿತು. ಒಬ್ಬಳು ಇವಳು ನನ್ನವಳೆಂದು ಹೇಳುವದಕ್ಕೆ ದೊರೆತ ಮೇಲೆ ಬೆಳವಣಿಗೆಯು ತಿರುಗಿ ಪ್ರಾರಂಭವಾಯಿತು.

ಅವರು 1943ರಲ್ಲಿ ಪ್ರಕಟಿಸಿದ ಬರಹದಲ್ಲಿ ನಾಲ್ಕು ವರುಷದ ಒಬ್ಬ ಹುಡುಗನ ಸಂಗತಿಯಿದೆ; ಅದನ್ನು ನಿಮಗೆ ಹೇಳದೆ ಮುಂದಕ್ಕೆ ಹೋಗಲಾರೆವು. ಅವನ ತಂದೆಯು ಬಾಂಬಿನ ದಾಳಿಯಲ್ಲಿ ಸತ್ತಿದ್ದನು. ತಾಯಿಯು ದುಃಖದಿಂದ ಕುಸಿದು ಆಸ್ಪತ್ರೆಯನ್ನು ಸೇರಿದ್ದಳು. ಹುಡುಗನು ಅಳಲಿಲ್ಲ. ಅಪ್ಪನು ಸತ್ತನೆಂದು ಒಪ್ಪಿಕೊಳ್ಳಲೂ ಇಲ್ಲ. ಅವನು ಕಾಗದದ ಮನೆಗಳನ್ನು ಕಟ್ಟಿ ಅವುಗಳ ಮೇಲೆ ಗೋಲಿಗಳನ್ನು ಬಾಂಬುಗಳಂತೆ ಬೀಳಿಸಿ ಆಡುತ್ತಿದ್ದನು. ಬೇರೆ ಮಕ್ಕಳೂ ಇಂಥ ಆಟವನ್ನು ಆಡುತ್ತಿದ್ದರು. ಆದರೆ ಇವನ ಆಟದಲ್ಲಿ ಯಾರೂ ಸಾಯುತ್ತಿರಲಿಲ್ಲ. ಮನೆ ಬೀಳುವದಕ್ಕೆ ಮುಂಚೆಯೇ ಜನರೆಲ್ಲರೂ ತಪ್ಪಿಸಿಕೊಳ್ಳುತ್ತಿದ್ದರು. ಬಿದ್ದ ಮನೆಯು ಪ್ರತಿಸಾರಿಯೂ ತಿರುಗಿ ಕಟ್ಟಲ್ಪಡುತ್ತಿತ್ತು. ಚಳಿಗಾಲವೆಲ್ಲ ಇದೇ ಆಟ. ಆ ಮನೆಯವರು ಅವನನ್ನು ತಡೆಯಲಿಲ್ಲ, ಗದರಿಸಲಿಲ್ಲ, ಅಪ್ಪನು ಸತ್ತನೆಂದು ಹೇಳು ಎಂದು ಪೀಡಿಸಲಿಲ್ಲ. ಸುಮಾರು ಆರು ತಿಂಗಳಾದ ಮೇಲೆ ಒಂದು ದಿನ ಅವನು ತಾನಾಗಿಯೇ, ಅಪ್ಪನು ಸತ್ತನು, ಅಮ್ಮನು ಆಸ್ಪತ್ರೆಗೆ ಹೋದಳು ಎಂದು ಹೇಳಿದನು. ಬಳಿಕ ಆ ಕಾಗದದ ಮನೆಗಳ ಆಟವು ಕಡಿಮೆಯಾಯಿತು.

ಆ ಆರು ತಿಂಗಳುಗಳಲ್ಲಿ ಅವನ ಬಳಿಯಲ್ಲಿ ಕೂತವರ ತಾಳ್ಮೆಯನ್ನು ಕುರಿತು ಯೋಚಿಸಿರಿ. ನಮ್ಮಲ್ಲಿಯಾದರೆ ಮೂರನೆಯ ದಿನವೇ, ಸಾಕು ಮಾಡು ಆ ಹುಡುಗಾಟ ಎಂದು ಗೋಲಿಗಳನ್ನು ಕಸಿದುಕೊಳ್ಳುತ್ತಿದ್ದೆವು.

ಇದೆಲ್ಲ ದೂರದ ದೇಶದ ಸಂಗತಿ, ನಮಗೇನು ಎಂದು ಕೆಲವರು ಹೇಳಬಹುದು. ಹಾಗಲ್ಲ, ಪ್ರಿಯರೇ. 1990ನೆಯ ಆಗಸ್ಟ್ 2ರಂದು ಇರಾಕಿನ ಸೈನ್ಯವು ಕುವೈತನ್ನು ಹೊಕ್ಕಾಗ ಅಲ್ಲಿ ಬದುಕುತ್ತಿದ್ದ ನಮ್ಮ ದೇಶದವರಲ್ಲಿ ಸುಮಾರು 1,70,000 ಮಂದಿಯನ್ನು ಭಾರತ ಸರಕಾರವು ವಿಮಾನಗಳಲ್ಲಿ ಹಿಂದಕ್ಕೆ ತಂದಿತು. ಅವರಲ್ಲಿ ನಮ್ಮ ಕರಾವಳಿಯ ಮಂಗಳೂರು ಉಡುಪಿ ಕಡೆಯವರು ಅನೇಕರು. ಬಸ್ಸುಗಳಲ್ಲಿ ಇರಾಕಿನ ಮೂಲಕ ಜೋರ್ದಾನಿನ ಅಮ್ಮಾನಿಗೆ ಹೋಗಿ, ಮರುಭೂಮಿಯ ಡೇರೆಗಳಲ್ಲಿ ಕಾದು, ಕೈಯಲ್ಲಿ ಒಂದು ಚೀಲದೊಂದಿಗೆ ಮುಂಬಯಿಯಲ್ಲಿ ಇಳಿದವರು ಇವರು. 2022ರಲ್ಲಿ ಉಕ್ರೇನಿನಲ್ಲಿ ವೈದ್ಯಶಾಸ್ತ್ರವನ್ನು ಓದುತ್ತಿದ್ದ ನಮ್ಮ ಜಿಲ್ಲೆಗಳ ಮಕ್ಕಳು ಖಾರ್ಕಿವ್ ಪಟ್ಟಣದ ನೆಲಮಾಳಿಗೆಗಳಲ್ಲಿಯೂ ಸುರಂಗದ ರೈಲು ನಿಲ್ದಾಣಗಳಲ್ಲಿಯೂ ದಿನಗಳನ್ನು ಕಳೆದು, ಹಿಮದಲ್ಲಿ ನಡೆದು ಗಡಿ ದಾಟಿ ಬಂದರು. ಇವರಲ್ಲಿ ಯಾರೂ ಸೈನಿಕರಲ್ಲ.

ಅಂಥವರು ಊರಿಗೆ ಬಂದಾಗ ನಮ್ಮವರು ಮಾಡಿದ್ದೇನು? ಸ್ತೋತ್ರದ ಆರಾಧನೆ ನಡಿಸಿದೆವು, ಅದು ಯುಕ್ತವೇ. ಬಳಿಕ ಮನೆಗೆ ಗುಂಪಾಗಿ ಹೋಗಿ, ಎಷ್ಟು ಕಳಕೊಂಡಿರಿ, ಚಿನ್ನ ತಂದಿರೋ, ಕಣ್ಣಾರೆ ಹೆಣ ಕಂಡಿರೋ ಎಂದು ಕೇಳಿದೆವು. ಒಂದು ತಿಂಗಳಾದ ಮೇಲೆ, ದೇವರು ಕಾಪಾಡಿದನಲ್ಲಾ, ಇನ್ನು ಯಾಕೆ ಸಪ್ಪೆ ಮುಖ ಎಂದು ಅಂದೆವು. ಒಂದು ವರುಷವಾದ ಮೇಲೆ ಕೇಳುವದನ್ನೇ ಬಿಟ್ಟೆವು.

ಕರಾವಳಿಯ ಒಂದು ಸಭೆಯಲ್ಲಿ ನಾವು ಉಪದೇಶದ ಕೆಲಸದಲ್ಲಿದ್ದಾಗ ಒಬ್ಬ ತಾಯಿಯನ್ನು ಬಲ್ಲೆವು. ಕುವೈತಿನಿಂದ ಬಂದು ಇಪ್ಪತ್ತು ವರುಷಗಳ ಮೇಲಾಗಿತ್ತು. ಮಕ್ಕಳು ದೊಡ್ಡವರಾಗಿ ಕೆಲಸಕ್ಕೆ ಸೇರಿದ್ದರು. ಮನೆಗೆ ಹೊಸ ಹೆಂಚು ಹಾಕಿಸಿದ್ದರು. ಆದರೆ ಅವಳ ಮಂಚದ ಕೆಳಗೆ ಯಾವಾಗಲೂ ಕಟ್ಟಿಟ್ಟ ಒಂದು ಚೀಲವಿತ್ತು. ಅದರಲ್ಲಿ ಎರಡು ಜೊತೆ ಬಟ್ಟೆ, ಕಾಗದಪತ್ರಗಳು, ಒಂದು ಪೊಟ್ಟಣ ರಸ್ಕು. ರಸ್ಕು ಹಳತಾದ ಹಾಗೆ ಬದಲಾಯಿಸುತ್ತಿದ್ದಳು. ನೆರೆಯವರು ನಗುತ್ತಿದ್ದರು. ನಾವು ಕೇಳಿದಾಗ, “ಉಪದೇಶಿಗಳೇ, ನನಗೂ ಗೊತ್ತುಂಟು, ಇಲ್ಲಿ ಯಾರೂ ಬರುವದಿಲ್ಲ. ಆದರೆ ಚೀಲ ಬಿಚ್ಚಿಟ್ಟ ರಾತ್ರಿ ನಿದ್ರೆ ಹತ್ತುವದಿಲ್ಲ” ಎಂದಳು. ಕಲ್ಲುಕೋರೆಯಲ್ಲಿ ಮದ್ದು ಹಾರಿಸಿದ ದಿನ ಅಡಿಗೆ ಮಾಡುತ್ತಿರಲಿಲ್ಲವೆಂದು ಮಗಳು ಹೇಳಿದಳು.

ಆ ತಾಯಿಗೆ ಆಸರೆಯಾದದ್ದು ನಮ್ಮ ಪ್ರಸಂಗಗಳಲ್ಲವೆಂದು ಧಾರಾಳವಾಗಿ ಹೇಳುತ್ತೇವೆ. ಪಕ್ಕದ ಮನೆಯ ಒಬ್ಬ ಅಜ್ಜಿಯು ವರುಷಗಟ್ಟಲೆ ದಿನವೂ ಸಂಜೆ ಬೀಡಿಯ ತಡ್ಪೆಯನ್ನು ಎತ್ತಿಕೊಂಡು ಬಂದು ಅವಳ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. (ಬೀಡಿಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ವಾಚಕರು ಬಲ್ಲರು, ಇಲ್ಲಿ ಅದು ಬೇಡ.) ಅಜ್ಜಿಯು ಕುವೈತಿನ ವಿಷಯ ಕೇಳುತ್ತಿರಲಿಲ್ಲ. ಇವಳು ಹೇಳಿದರೆ ಕೇಳುತ್ತಿದ್ದಳು. ಹೇಳದಿದ್ದರೆ ಎಲೆಯ ಲೆಕ್ಕ, ನೂಲಿನ ಲೆಕ್ಕ ಮಾತಾಡುತ್ತಿದ್ದಳು. ಕತ್ತಲಾದ ಮೇಲೆ ದೀಪ ಹೊತ್ತಿಸಿ ಎದ್ದುಹೋಗುತ್ತಿದ್ದಳು. ಸಂಜೆಯ ಹೊತ್ತು ಆ ತಾಯಿಗೆ ಬಹು ಕಷ್ಟದ ಹೊತ್ತೆಂದು ಅಜ್ಜಿಗೆ ಯಾರು ಹೇಳಿದರೋ ತಿಳಿಯದು.

ಈ ವಿಷಯದಲ್ಲಿ ನಮ್ಮ ಸಭೆಗಳಲ್ಲಿ ನಡೆಯುವ ಎರಡು ತಪ್ಪು ಬೋಧನೆಗಳನ್ನು ಬಿಚ್ಚಿ ಹೇಳಲೇಬೇಕು. ಇಂಥ ನೋವು ವಿಶ್ವಾಸದ ಕೊರತೆಯೆಂಬದು ಒಂದು. ಎಲೀಯನಿಗೆ ವಿಶ್ವಾಸವು ಕಡಿಮೆಯಾಗಿತ್ತೇ? ಅವನು ಈಜೆಬೆಲಳ ಬೆದರಿಕೆಗೆ ಹೆದರಿ ಅಡವಿಗೆ ಓಡಿ, ಜಾಲಿಗಿಡದ ಕೆಳಗೆ ಸಾವನ್ನು ಬೇಡಿ ಮಲಗಿದನು. ದೇವದೂತನು ಬಂದು ಅವನನ್ನು ಗದರಿಸಲಿಲ್ಲ. ರೊಟ್ಟಿ ಕೊಟ್ಟನು, ನೀರು ಕೊಟ್ಟನು, ತಿರುಗಿ ಮಲಗಲಿಕ್ಕೆ ಬಿಟ್ಟನು, ಎರಡನೆಯ ಸಾರಿಯೂ ಎಬ್ಬಿಸಿ ಊಟ ಕೊಟ್ಟನು. ಇಲ್ಲಿ ಏನು ಮಾಡುತ್ತೀ ಎಂಬ ಪ್ರಶ್ನೆಯು ನಾಲ್ವತ್ತು ದಿನಗಳ ಮೇಲೆ ಬಂದಿತು (1 ಅರಸುಗಳು 19). ನಾವಾದರೋ ಪ್ರಶ್ನೆಯನ್ನು ಮೊದಲು ಕೇಳಿ, ರೊಟ್ಟಿಯನ್ನು ಮರೆಯುತ್ತೇವೆ. ಯೋಬನ ಸ್ನೇಹಿತರು ಏಳು ದಿನ ಏನೂ ಮಾತಾಡದೆ ನೆಲದ ಮೇಲೆ ಅವನ ಸಂಗಡ ಕೂತಿದ್ದರು. ಅವರು ಮಾಡಿದ್ದರಲ್ಲಿ ಅದೊಂದೇ ಒಳ್ಳೇದು. ಬಾಯಿ ತೆರೆದ ಮೇಲೆ ಅವನ ದುಃಖಕ್ಕೆ ಕಾರಣವನ್ನು ಅವನಲ್ಲಿಯೇ ಹುಡುಕಿದರು, ದೇವರ ಕೋಪಕ್ಕೆ ಗುರಿಯಾದರು.

ಇನ್ನೊಂದು, ಹೆದರಿ ಕಿರಿಚುವವರಿಗೆ ದೆವ್ವ ಹಿಡಿದಿದೆಯೆಂದು ಹೇಳಿ ಹೊಡೆಯುವದು, ಉಪವಾಸ ಹಾಕುವದು. ಇದನ್ನು ಕ್ರೈಸ್ತರ ಮನೆಗಳಲ್ಲಿಯೂ ನಡಿಸುವವರಿದ್ದಾರೆಂಬದು ನಾಚಿಕೆಯ ಮಾತು. ಯುದ್ಧದ ಭೀತಿಯಿಂದ ಮನಸ್ಸಿಗೆ ಆಗುವ ಗಾಯವು ಮೂಳೆ ಮುರಿದಂತೆಯೇ ನಿಜವಾದ ಗಾಯ. 1980ರಲ್ಲಿ ಅಮೇರಿಕದ ಮನೋವೈದ್ಯರ ಸಂಘವು ಇದನ್ನು ರೋಗಗಳ ಪಟ್ಟಿಯಲ್ಲಿ ಪ್ರತ್ಯೇಕ ಹೆಸರಿನಿಂದ ಸೇರಿಸಿತು. ಕಲಹ ನಡೆದ ದೇಶಗಳಲ್ಲಿ ಐವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮನೋವ್ಯಾಧಿ ಇರುವದೆಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿತು. ನಿದ್ರೆಯಿಲ್ಲದೆ ತಿಂಗಳುಗಟ್ಟಲೆ ನರಳುವವರನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರಕೊಂಡು ಹೋಗಿರಿ. ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ಇದಕ್ಕಾಗಿಯೇ ದೊಡ್ಡ ಆಸ್ಪತ್ರೆಗಳಿವೆ. ಲೂಕನು ವೈದ್ಯನಾಗಿದ್ದನೆಂಬದನ್ನು ಮರೆಯಬೇಡಿರಿ. ಒಬ್ಬರೇ ಹೋಗಲು ಬಿಡಬೇಡಿರಿ; ಸಂಗಡ ಹೋಗಿ ಬೆಂಚಿನ ಮೇಲೆ ಕೂತಿರಿ.

ಈಗ ದಾವೀದನ ಮನೆಗೆ ಹಿಂತಿರುಗೋಣ. ಅವನು ಮೆಫೀಬೋಶೆತನು ಬರಲಿ ಎಂದು ಕಾಯಲಿಲ್ಲ. ಸೌಲನ ಮನೆಯವರಲ್ಲಿ ಯಾರಾದರೂ ಉಳಿದಿದ್ದಾರೋ ಎಂದು ತಾನೇ ವಿಚಾರಿಸಿದನು. ಉಳಿದವನು ಕುಂಟನೆಂದು ಚೀಬನು ಹೇಳಿದನು. ಪ್ರಯೋಜನವಿಲ್ಲವೆಂಬ ಧ್ವನಿ ಆ ಮಾತಿನಲ್ಲಿತ್ತೋ ಏನೋ. ದಾವೀದನು ಎಷ್ಟು ಕುಂಟನೆಂದು ಕೇಳಲಿಲ್ಲ, ಎಲ್ಲಿದ್ದಾನೆಂದು ಕೇಳಿದನು. ಹೊಲಗಳನ್ನು ಹಿಂದಕ್ಕೆ ಕೊಟ್ಟದ್ದು ನ್ಯಾಯ. ಅದರ ಸಂಗಡ ದಿನದಿನದ ಊಟದ ಸ್ಥಳವನ್ನು ಕೊಟ್ಟನು. ಒಂದು ಹಬ್ಬದ ಔತಣವನ್ನಲ್ಲ, ಯಾವಾಗಲೂ ಇರುವ ಸ್ಥಳವನ್ನು. ಆ ಅಧ್ಯಾಯದಲ್ಲಿ ಈ ಸಂಗತಿಯು ನಾಲ್ಕು ಸಾರಿ ಬರುತ್ತದೆ. ಅಧ್ಯಾಯದ ಕೊನೆಯಲ್ಲಿ ಪವಿತ್ರಾತ್ಮನು ತಿರುಗಿ ಬರೆಯಿಸಿದ್ದೇನಂದರೆ, ಅವನ ಎರಡು ಕಾಲುಗಳೂ ಕುಂಟಾಗಿದ್ದವು. ಅರಸನ ಮೇಜಿಗೆ ಬಂದ ಮೇಲೆ ಕಾಲು ವಾಸಿಯಾಯಿತೆಂದು ಹೇಳಿಲ್ಲ. ಅರಸನ ಮೇಜಿನಲ್ಲಿ ಊಟ ಮಾಡುವದಕ್ಕೆ ಮೊದಲು ಕಾಲು ವಾಸಿಯಾಗಬೇಕೆಂದೂ ಹೇಳಿಲ್ಲ.

ದಾದಿಯ ಸಂಗತಿಯೇನು? ಅವಳ ವಿಷಯವಾಗಿ ಸತ್ಯವೇದವು ಮುಂದೆ ಏನೂ ಹೇಳುವದಿಲ್ಲ. ಆದರೆ ನಮ್ಮ ಸಭೆಗಳಲ್ಲಿ ಅವಳಂಥವರು ಇದ್ದಾರೆ. ಓಡುವಾಗ ವೃದ್ಧ ತಂದೆಯನ್ನು ಹಿಂದೆ ಬಿಟ್ಟವರು, ಮಕ್ಕಳಿಗೆ ಸಿಟ್ಟಿನಲ್ಲಿ ಹೊಡೆದು ಈಗ ಅದಕ್ಕಾಗಿ ಅಳುವವರು, ಹೆದರಿ ತಪ್ಪು ಬಸ್ಸನ್ನು ಹತ್ತಿಸಿದವರು. ಕೂಸನ್ನು ಕುಂಟು ಮಾಡಿದವಳೆಂಬ ಮಾತನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ನಡೆಯುವ ಸದ್ದನ್ನು ಕೇಳಿದಾಗಲೆಲ್ಲ ಅವಳು ತನಗೆ ತಾನೇ ಹೇಳಿಕೊಂಡಿರಬೇಕು. ಅವಳು ಎತ್ತಿಕೊಂಡು ಓಡದಿದ್ದರೆ ಆ ಕೂಸು ಬದುಕುತ್ತಿತ್ತೇ ಎಂಬದನ್ನು ನಾವು ಬಲ್ಲೆವೋ? ಯೋನಾತಾನನ ಸಂತತಿಯು ಉಳಿದದ್ದು ಆ ನಡುಗುವ ಕೈಗಳಿಂದಲೇ. ಮೆಫೀಬೋಶೆತನ ಮಗನಾದ ಮೀಕನಿಂದ ಹುಟ್ಟಿದವರ ಹೆಸರುಗಳು ಪೂರ್ವಕಾಲವೃತ್ತಾಂತದ ಮೊದಲನೆಯ ಪುಸ್ತಕದಲ್ಲಿ ಸಾಲಾಗಿ ಬರೆಯಲ್ಪಟ್ಟಿವೆ. ಅಂಥ ಒಬ್ಬ ಸಹೋದರಿಯು ನಿಮ್ಮ ಬಳಿಯಲ್ಲಿದ್ದರೆ, ನೀನು ಬಿಡಲಿಲ್ಲ, ಎತ್ತಿಕೊಂಡೆ ಎಂಬ ಮಾತನ್ನು ಅವಳಿಗೆ ಹೇಳಿರಿ.

ಇನ್ನೊಂದು ಸಂಗತಿ ಉಳಿದಿದೆ. ಅನೇಕ ವರುಷಗಳಾದ ಮೇಲೆ ಅಬ್ಷಾಲೋಮನ ದಂಗೆಯಲ್ಲಿ ದಾವೀದನು ಯೆರೂಸಲೇಮನ್ನು ಬಿಟ್ಟು ಓಡಬೇಕಾಯಿತು. ಮೆಫೀಬೋಶೆತನಿಗೆ ಸಂಗಡ ಹೋಗಲಾಗಲಿಲ್ಲ. ಕುಂಟನಿಗೆ ಕತ್ತೆಯನ್ನು ತಡಿ ಹಾಕಿ ಕೊಡುವವರಿರಲಿಲ್ಲ. ಚೀಬನು ಅವನ ಮೇಲೆ ಚಾಡಿ ಹೇಳಿದನು, ಅರಸನು ಅವಸರದಲ್ಲಿ ಅದನ್ನು ನಂಬಿದನು. ಐದನೆಯ ವರುಷದಲ್ಲಿ ಒಮ್ಮೆ ಮನೆಯನ್ನು ಕಳಕೊಂಡವನಿಗೆ ತಿರುಗಿ ಅದೇ ಸುದ್ದಿ, ಅದೇ ಓಟ, ಅದೇ ಖಾಲಿ ಮನೆ. ಅರಸನು ಹೋದ ದಿನದಿಂದ ಅವನು ಕಾಲುಗಳನ್ನು ನೋಡಿಕೊಳ್ಳಲಿಲ್ಲ, ಗಡ್ಡವನ್ನು ಸರಿಮಾಡಿಕೊಳ್ಳಲಿಲ್ಲ, ಬಟ್ಟೆಯನ್ನು ಒಗೆಯಿಸಲಿಲ್ಲ. ನೆರೆಯವರು ಅವನನ್ನು ಕಂಡು ಮೈಗಳ್ಳನೆಂದೋ ಹುಚ್ಚನೆಂದೋ ಹೇಳಿರಬಹುದು. ಅರಸನು ಹಿಂತಿರುಗಿದಾಗ ಅವನು ಆ ರೂಪದಲ್ಲಿಯೇ ಎದುರ್ಗೊಳ್ಳಲು ಬಂದನು (2 ಸಮುವೇಲ 19). ದಾವೀದನು ಹೊಲವನ್ನು ಅವನಿಗೂ ಚೀಬನಿಗೂ ಪಾಲುಮಾಡಿಕೊಳ್ಳಲು ಹೇಳಿದನು. ಅರ್ಧ ಮನಸ್ಸಿನ ತೀರ್ಪು ಅದು. ಮೆಫೀಬೋಶೆತನು ವಾದಿಸಲಿಲ್ಲ. ಹೊಲವೆಲ್ಲವನ್ನೂ ಚೀಬನೇ ತೆಗೆದುಕೊಳ್ಳಲೆಂದು ಬಿಟ್ಟುಕೊಟ್ಟನು. ಅರಸನು ಕ್ಷೇಮವಾಗಿ ಮನೆಗೆ ಬಂದಿದ್ದನು. ಅವನು ನೋಡುತ್ತಿದ್ದದ್ದು ಹೊಲವನ್ನಲ್ಲ, ಆ ಮುಖವನ್ನು.